ಊರಿಗೊಂದೇ ಮದುವೆ ಕೋಟು

ತೊಗರಿಬೇಳೆ ಆರಿಸುವಾಗ ಕಲ್ಲು ಸಿಗುವುದುಂಟು, ಹುಳು ಸಿಗುವುದುಂಟು. ಮೊನ್ನೆ ನನಗೆ ಒಂದು ಗುಂಡಿ ಸಿಕ್ಕಿತು. ಅಂಗಿಗೆ ಹಾಕುವ ಗುಂಡಿ. ಮರದ್ದು, ಅರಿಸಿನ ಬಣ್ಣದ್ದು, ಎರಡು ಕಣ್ಣು ಒಂದು ಬಾಯಿ ಇದ್ದದ್ದು. ಬೇಳೆಯ ನಡುವೆ ಮಲಗಿಕೊಂಡು ನನ್ನನ್ನೇ ನೋಡಿ ನಗುತ್ತಿತ್ತು. ನಾನೂ ನಕ್ಕೆ. ಒಲೆಯ ಮೇಲಿನ ಪಾತ್ರೆಯ ನೀರು ಬತ್ತಿ ತಳ ಸೀಯುವವರೆಗೂ ನಾವಿಬ್ಬರೂ ಹಾಗೇ ನಗುತ್ತಾ ಕೂತಿದ್ದೆವು. ನಮ್ಮ ಯಜಮಾನರು ಅಡುಗೆಮನೆಗೆ ಇಣುಕಿ, ಒಬ್ಬಳೇ ನಗುತ್ತಿರುವ ಹೆಂಡತಿಯನ್ನು ನೋಡಿ, ಏನೂ ಕೇಳದೆ ಹೊರಟುಹೋದರು. ನಾನು ಅಂಗಡಿ ಬದಲಾಯಿಸಿದಾಗಿನಿಂದ ಅವರು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದ್ದಾರೆ. ನನ್ನ ಉತ್ತರ ಕೇಳಿದರೆ ಬಿ.ಪಿ. ಏರುತ್ತದಂತೆ.

ನನ್ನ ಅಂಗಡಿ ಇರುವುದು ಚನ್ನಪಟ್ಟಣದ ಹಳೇ ರಸ್ತೆಯಲ್ಲಿ. ಬೊಂಬೆ ಅಂಗಡಿಗಳ ಸಾಲು ಮುಗಿದ ಮೇಲೆ ಒಂದು ಸೈಕಲ್ ಶಾಪು, ಒಂದು ಎಳನೀರಿನ ರಾಶಿ, ಆಮೇಲೆ ನಾನು. ಮೊದಲು ಅದು ಟೈಲರಿಂಗ್ ಅಂಗಡಿಯಾಗಿತ್ತು. ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಂಡು, ಅವರು ದಪ್ಪಗಾದಾಗ ಹೊಲಿಗೆ ಬಿಚ್ಚಿಕೊಂಡು, ಸಣ್ಣಗಾಗಿದ್ದೇವೆ ಎಂದು ಅವರು ಅಂದುಕೊಂಡಾಗ ಆ ಸಂತೋಷಕ್ಕೆ ಅಡ್ಡಿಬಾರದೆ ಸುಮ್ಮನಿದ್ದುಕೊಂಡು ಕಾಲ ಹಾಕುತ್ತಿದ್ದೆ. ಆಮೇಲೆ ರೆಡಿಮೇಡ್ ರವಿಕೆಗಳು ಬಂದವು. ಹೊಲಿಯಲು ಕೊಟ್ಟು ಮರೆತುಹೋದವರ ಬಟ್ಟೆ ಮಾತ್ರ ನನ್ನ ಹತ್ತಿರ ಗುಡ್ಡದಷ್ಟು ಉಳಿಯಿತು.

ನಮ್ಮ ಅಕ್ಕನ ಮಗಳು ಕಾವ್ಯ ಬೆಂಗಳೂರಿನಲ್ಲಿ ಬಟ್ಟೆ ಡಿಸೈನು ಓದುತ್ತಾಳೆ. ರಜಕ್ಕೆ ಬಂದವಳು ಆ ಗುಡ್ಡದ ಮೇಲೆ ಬಿದ್ದು ಹೊರಳಾಡಿಬಿಟ್ಟಳು.

"ಚಿಕ್ಕಮ್ಮಾ, ಇದೆಲ್ಲ ವಿಂಟೇಜು! ಇದನ್ನ ಬೋಹೀಮಿಯನ್ ಥರ ಮಾಡಿ ಮಾರಬಹುದು."

"ಹಂಗಂದ್ರೆ ಏನೇ?"

"ಯಾವುದಕ್ಕೂ ಯಾವುದೂ ಮ್ಯಾಚ್ ಆಗಬಾರದು. ಹೂವಿನ ಲಂಗ, ಚೌಕಳಿ ಅಂಗಿ, ಮೇಲೊಂದು ಕಸೂತಿ ಕೋಟು, ಕತ್ತಲ್ಲಿ ಮರದ ಮಣಿ. ಎಲ್ಲಾ ಕೈಯಲ್ಲೇ ಮಾಡಿದ್ದು. ನೋಡಿದ್ರೆ ಯಾರ ಮಾತೂ ಕೇಳದೋರ ಥರ ಕಾಣಬೇಕು."

ನನಗೆ ಥಟ್ಟನೆ ಅರ್ಥವಾಯಿತು. ಚಿಕ್ಕಂದಿನಲ್ಲಿ ನಾವು ಅಕ್ಕತಂಗಿಯರು ಹಾಗೇ ಇದ್ದೆವು. ಅಲ್ಲ, ತಪ್ಪು ಹೇಳಿದೆ. ನಮ್ಮ ಕಷ್ಟ ಅದಕ್ಕೆ ತಿರುಗುಮುರುಗು. ನಮ್ಮಪ್ಪ ಮಾಗಡಿ ಹತ್ತಿರ ಗುಡೇಮಾರನಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಯುಗಾದಿಗೆ ಮಾಗಡಿ ಪೇಟೆಗೆ ಹೋಗಿ ಒಂದು ಇಡೀ ಥಾನು ಬಟ್ಟೆ ತರುತ್ತಿದ್ದರು. ಒಂದು ವರ್ಷ ಹಸಿರು ಮೈಗೆ ಹಳದಿ ಮಾವಿನಕಾಯಿ ಇದ್ದ ಬಟ್ಟೆ ಬಂತು. ನಮಗೆಲ್ಲ ಲಂಗ, ಅಮ್ಮನಿಗೆ ರವಿಕೆ, ಅಪ್ಪನಿಗೆ ಅಂಗಿ, ಉಳಿದದ್ದರಲ್ಲಿ ದಿಂಬಿನ ಚೀಲ, ರೇಡಿಯೋ ಮುಸುಕು, ಬಾಗಿಲ ಪರದೆ. ಕಣ್ಣಾಮುಚ್ಚಾಲೆ ಆಡುವಾಗ ನಾನು ಎಲ್ಲೂ ಅಡಗುತ್ತಿರಲಿಲ್ಲ. ಪರದೆಯ ಮುಂದೆ ಕಣ್ಣುಮುಚ್ಚಿ ನಿಂತುಬಿಡುತ್ತಿದ್ದೆ. ಯಾರಿಗೂ ಸಿಕ್ಕುತ್ತಿರಲಿಲ್ಲ. ಒಂದು ಸಲ ಎಲ್ಲರೂ ಹುಡುಕಿ ಸಾಕಾಗಿ ಊಟಕ್ಕೆ ಕೂತುಬಿಟ್ಟರು. ಗೆದ್ದ ಹೆಮ್ಮೆಯಲ್ಲಿ ನಾನು ಅಲ್ಲೇ ನಿಂತಿದ್ದೆ. ನೆರೆಮನೆಯ ಅಜ್ಜಿ ಮಜ್ಜಿಗೆ ಕೇಳಲು ಬಂದು, ಪರದೆ ಸರಿಸೋಣವೆಂದು ನನ್ನ ಕಿವಿ ಹಿಡಿದೆಳೆದಳು. ಪರದೆ ಕಿರುಚಿದ್ದು ಕೇಳಿ ಅಜ್ಜಿ ಮಜ್ಜಿಗೆ ಚೊಂಬು ಅಲ್ಲೇ ಬಿಟ್ಟು ಓಡಿದಳು.

ಹೀಗೆ ಬೆಳೆದವಳಿಗೆ ಯಾವುದಕ್ಕೂ ಯಾವುದೂ ಹೊಂದದ ಬಟ್ಟೆ ಎಂದರೆ ಸ್ವಾತಂತ್ರ್ಯ ಸಿಕ್ಕಿದ ಹಾಗೆ. ಸರಿ, ಅಂಗಡಿಗೆ ಹೊಸ ಬೋರ್ಡು ಬರೆಸೋಣ ಎಂದೆ. ಕಾವ್ಯ ಒಂದು ಚೀಟಿಯಲ್ಲಿ 'ಬೋಹೀಮಿಯನ್ ವಿಂಟೇಜ್' ಎಂದು ಬರೆದುಕೊಟ್ಟಳು. ಬೋರ್ಡು ಬರೆಯುವವನು ಸಂಜೆ ತಂದು ನೇತುಹಾಕಿದ. 'ಶ್ರೀ ಭೋ ಹೇಮಾ ವಿಂಟೇಜ್.'

"ಇದೇನಪ್ಪ?" ಎಂದೆ.

"ಚೀಟೀಲಿ ತಪ್ಪು ಬರ್ದಿದ್ರಿ ಕಣಕ್ಕ. ನಾನೇ ಸರಿ ಮಾಡ್ದೆ. ಶ್ರೀಗೆ ದುಡ್ಡೇನೂ ಬ್ಯಾಡ."

ನನ್ನ ಹೆಸರು ಸರೋಜ. ಅಂದಿನಿಂದ ಊರಿಗೆಲ್ಲ ನಾನು ಹೇಮಕ್ಕ.

ಜನ ಬಂದರು. ಬಂದವರೆಲ್ಲ ಹಳೇ ಬಟ್ಟೆಯ ಗಂಟು ಹೊತ್ತುಕೊಂಡೇ ಬಂದರು. ನಮ್ಮ ಕಡೆ ಹಳೇ ಬಟ್ಟೆ ಕೊಟ್ಟರೆ ಸ್ಟೀಲು ಪಾತ್ರೆ ಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಾರಲ್ಲ, ಅದೇ ವ್ಯಾಪಾರ ಈಗ ಅಂಗಡಿ ಇಟ್ಟಿದೆ ಎಂದು ತಿಳಿದರು. "ಎರಡು ಪ್ಯಾಂಟ್‌ಗೆ ಎಷ್ಟು ದಪ್ಪನ್ ಬೋಸಿ ಕೊಡ್ತೀಯವ್ವ?" ಎಂದು ಕೇಳಿದವರಿಗೆ ವಿಂಟೇಜ್ ಎಂದರೇನು ಅಂತ ವಿವರಿಸಿ ವಿವರಿಸಿ ಗಂಟಲು ಒಣಗಿತು. ಕೊನೆಗೆ ನಾನೇ ಪೇಟೆಗೆ ಹೋಗಿ ಒಂದಷ್ಟು ಬೋಸಿ, ಕೊಳಗ, ಜಾಲರಿ ಸೌಟು ತಂದು ಕಪಾಟಿನಲ್ಲಿ ಜೋಡಿಸಿದೆ. ಅದನ್ನು ನೋಡಿದ ಬೆಂಗಳೂರಿನ ಗಿರಾಕಿಯೊಬ್ಬಳು ಬಟ್ಟೆ ಬಿಟ್ಟು ಸೌಟನ್ನೇ ವಿಂಟೇಜ್ ಎಂದು ಕೊಂಡುಹೋದಳು.

ಕೈಯಲ್ಲಿ ಮಾಡಿದ ಸಾಮಾನು ಬೇಕೆಂದು ಅನ್ವರ್ ಭಾಯಿಗೆ ಮರದ ಗುಂಡಿ ಮಾಡಲು ಹೇಳಿದೆ. ಅವರು ಎರಡು ಬೀದಿ ಆಚೆ ಬೊಂಬೆ ಕಡೆಯುವವರು. ಬಣ್ಣಬಣ್ಣದ ಅರಗು ಮೆತ್ತಿದ ಗುಂಡಿಗಳನ್ನು ಡಬ್ಬಿ ತುಂಬ ತಂದರು. ಮುಚ್ಚಳ ತೆಗೆದರೆ ಒಳಗಿನಿಂದ ಅಷ್ಟೂ ಗುಂಡಿಗಳು ನನ್ನನ್ನು ನೋಡಿ ಹಲ್ಲು ಕಿರಿದವು. ಒಂದೊಂದಕ್ಕೂ ಕಣ್ಣು, ಬಾಯಿ.

"ಗುಂಡಿಗೆ ಮುಖ ಯಾಕೆ ಭಾಯಿ?"

"ಏನ್ ಮಾಡೋದಕ್ಕ, ಕೈಗೆ ಅಭ್ಯಾಸ ಆಗೋಗಿದೆ," ಎಂದರು ಅವರು ತಲೆ ಕೆರೆದುಕೊಂಡು. "ದುಂಡಗೆ ಏನು ಬಂದ್ರೂ ಮುಖ ಬರೆದ್ಬಿಡ್ತೀನಿ. ನಮ್ಮನೇಲಿ ಲಟ್ಟಣಿಗೆಗೂ ಕಣ್ಣಿದೆ. ಹೆಂಡ್ತಿ ಚಪಾತಿ ಲಟ್ಟಿಸೋಕೆ ಹೆದರ್ಕೋತಾಳೆ."

ಬಾಗಿಲಿಗೆ 'ಇಲ್ಲಿ ಒಳ್ಳೆಯ ಗುಂಡಿಗಳು ಸಿಗುತ್ತವೆ' ಎಂದು ರಟ್ಟು ನೇತುಹಾಕಿದೆ. ಎಳನೀರಿನವನು ಓದಿ, "ಅದುಕ್ಕೆ ಒಳಕ್ಯಾಕೆ ಬರ್ಬೇಕು ಹೇಮಕ್ಕ, ರೋಡ್ ತುಂಬ ಅವಲ್ಲ?" ಎಂದ. ರಟ್ಟು ತೆಗೆದೆ.

ಇಂತಿಪ್ಪ ಅಂಗಡಿಗೆ ಒಂದು ದಿನ ಅಕ್ಕೂರಿನ ಕೆಂಪಮ್ಮ ಬಂದಳು. ಕಟ್ಟುಮಸ್ತಾದ ಹೆಂಗಸು, ಅರವತ್ತರ ಮೇಲಿರಬೇಕು. ಕಂಕುಳಲ್ಲಿದ್ದ ಗಂಟು ಬಿಚ್ಚಿ ಒಂದು ಕೋಟು ಹರವಿದಳು. ಕಾಫಿಪುಡಿ ಬಣ್ಣದ ಉಣ್ಣೆ ಕೋಟು. ಕಾಲರಿನ ಕಿವಿಗಳು ಆನೆಯ ಕಿವಿಯಷ್ಟಗಲ. ಒಳಗಡೆ ನೇರಳೆ ಬಣ್ಣದ ಸ್ಯಾಟಿನ್ನು. ನುಸಿಗುಳಿಗೆ, ಸಾಂಬಾರು, ಹಿಪ್ಪುನೇರಳೆ ಸೊಪ್ಪು ಮೂರೂ ಸೇರಿದ ವಾಸನೆ. ಇಂಥ ಕೋಟಿಗಾಗಿ ಕಾವ್ಯ ಕನಸಿನಲ್ಲೂ ಕನವರಿಸುತ್ತಿದ್ದಳು.

"ಯಾರದಮ್ಮ ಇದು?"

"ನಮ್ಮನೇರ್ದು ಕಣವ್ವ. ಮದ್ವೆಗೆ ಅಂತ ಮೈಸೂರ್ನಾಗೆ ಹೊಲಿಸಿದ್ದು. ಇದ್ನ ಬಿಸ್ಲಿಗಾಕಿ ಒಳಕ್ಕಿಟ್ಟು ನನ್ ಆಯಸ್ಸೇ ಕಳ್ದೋಯ್ತು. ತಕ್ಕೊಂಡು ಒಂದು ದೊಡ್ ಕೊಳ್ಗ ಕೊಡು."

ಕೊಳಗ ಕೊಟ್ಟೆ, ಮೇಲೊಂದು ಇಡ್ಲಿ ಪಾತ್ರೆಯನ್ನೂ ಕೊಟ್ಟೆ. ಕೆಂಪಮ್ಮ ಎರಡನ್ನೂ ಬಡಿದು ಸದ್ದು ನೋಡಿ ಹೊರಟಳು.

ಕೋಟನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಅದರ ತುಂಬ ನುಸಿ ತಿಂದ ತೂತು. ಎದೆಯಲ್ಲಿ, ತೋಳಿನಲ್ಲಿ, ಬೆನ್ನಿನಲ್ಲಿ. ನಾನು ಹೆದರಲಿಲ್ಲ. ಒಂದೊಂದು ತೂತಿನ ಮೇಲೂ ಒಂದೊಂದು ಗಿಣಿ ಕೂರಿಸಿದೆ. ಹಸಿರು ದಾರದಲ್ಲಿ ಮೈ, ಕೆಂಪು ದಾರದಲ್ಲಿ ಕೊಕ್ಕು. ತೂತು ದೊಡ್ಡದಿದ್ದ ಕಡೆ ಜೋಡಿ ಗಿಣಿ. ಕೆಳಗಿನ ಅಂಚಿಗೆ ಸೀರೆ ಸೆರಗಿಗೆ ಕಟ್ಟುವಂಥ ಕುಚ್ಚು. ಮುಂದೆ ಅನ್ವರ್ ಭಾಯಿಯ ನಗುವ ಗುಂಡಿಗಳು. ಅಂಗಡಿಯ ಬಾಗಿಲಲ್ಲಿದ್ದ ಆಳೆತ್ತರದ ಬೊಂಬೆಗೆ ತೊಡಿಸಿದೆ. ರಸ್ತೆಯಲ್ಲಿ ಹೋಗುವ ಎಮ್ಮೆಗಳೂ ನಿಂತು ನೋಡತೊಡಗಿದವು. ಕೋಟಿನ ಫೋಟೋ ಕಳಿಸಿದಾಗ ಕಾವ್ಯ ಬರೀ ಅಳುವ ಚಿತ್ರಗಳನ್ನು ಕಳಿಸಿದಳು. ಅದು ಸಂತೋಷದ ಅಳು ಎಂದು ಆಮೇಲೆ ಫೋನು ಮಾಡಿ ಹೇಳಿದಳು.

ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಗೂಡ್ಸ್ ಟೆಂಪೋ ಬಂದು ನಿಂತಿತು. ಹಿಂದೆ ಬಾಳೆಕಂಬ, ತೆಂಗಿನಗರಿ, ಒಂದಿಷ್ಟು ಕುರ್ಚಿ. ಮುಂದಿನಿಂದ ಕೆಂಪಮ್ಮ ಇಳಿದಳು. ಅವಳ ಹಿಂದೆ ಗಂಡ ಬೋರೇಗೌಡರು, ತೆಳ್ಳಗೆ, ಹೆಗಲಿಗೆ ಟವೆಲು. ಅವರ ಹಿಂದೆ, ಟೆಂಪೋ ಬಾಗಿಲಿನಿಂದ ಬಹಳ ಕಷ್ಟಪಟ್ಟು ಹೊರಬಂದ ಒಬ್ಬ ದಪ್ಪನೆಯ ಮನುಷ್ಯ. ಕೈಗೆ ಕಂಕಣ ಕಟ್ಟಿತ್ತು, ಕೆನ್ನೆಗೆ ಅರಿಸಿನ ಮೆತ್ತಿತ್ತು, ಮುಖದಲ್ಲಿ ಪರೀಕ್ಷೆಗೆ ಹೊರಟ ಕಳೆ.

"ಹೇಮಕ್ಕ, ಆ ಕೋಟು ಐತಾ?" ಎಂದಳು ಕೆಂಪಮ್ಮ. ಕೈಯಲ್ಲಿ ನನ್ನ ಕೊಳಗ ಇತ್ತು.

"ಐತಲ್ಲ," ಎಂದು ಬೊಂಬೆಯನ್ನು ತೋರಿಸಿದೆ.

ಮೂವರೂ ಬೊಂಬೆಯನ್ನು ನೋಡಿದರು. ಆಮೇಲೆ ಬೊಂಬೆಯ ಹಿಂದೆ ನೋಡಿದರು. ಬೋರೇಗೌಡರು ಬಗ್ಗಿ ಬೊಂಬೆಯ ಕೆಳಗೂ ನೋಡಿದರು.

"ಎಲ್ಲವ್ವಾ?"

"ಅದೇ. ಮೈಮೇಲಿರೋದು."

ಬೋರೇಗೌಡರು ಹತ್ತಿರ ಹೋದರು. ಕಾಲರಿನ ಅಂಚನ್ನು ಬೆರಳಲ್ಲಿ ಮುಟ್ಟಿದರು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿ ಕೇಳುವ ಧ್ವನಿಯಲ್ಲಿ ಕೇಳಿದರು: "ನಮ್ ಕೋಟ್‌ಗೆ ಏನವ್ವ ಬಂತು ಇದು?"

ಆಗ ಅವರ ಬಾಯಿಂದ ಕೋಟಿನ ಕಥೆ ಹೊರಬಿತ್ತು. ಅದು ಬೋರೇಗೌಡರ ಮದುವೆಗೆ ಹೊಲಿಸಿದ ಕೋಟು ನಿಜ. ಆದರೆ ಮರು ವರ್ಷ ಅವರ ತಮ್ಮ ಹಾಕಿಕೊಂಡ. ಆಮೇಲೆ ದಾಯಾದಿಗಳು, ಆಮೇಲೆ ಹಿಂದಿನ ಬೀದಿಯವರು. ಅಲ್ಲಿಂದಾಚೆಗೆ ಅವರ ಕಡೆಯ ಗಂಡುಗಳೆಲ್ಲ ಆರತಕ್ಷತೆಗೆ ಇದೇ ಕೋಟು ತೊಟ್ಟವರು. ತೆಳ್ಳಗಿದ್ದವನಿಗೆ ಬೆನ್ನಿನ ಕಡೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ದಪ್ಪಗಿದ್ದವನು ಗುಂಡಿ ಹಾಕದೆ ಮುಂದೆ ದೊಡ್ಡದೊಂದು ಹೂಗುಚ್ಛ ಹಿಡಿದುಕೊಳ್ಳುತ್ತಿದ್ದ. ಕುಳ್ಳನೊಬ್ಬ ಕಲ್ಲಿನ ಮೇಲೆ ನಿಂತಿದ್ದನಂತೆ. ಊರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋದಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಕೋಟು ಒಂದೇ.

"ಈ ಕೋಟ್ ಹಾಕ್ದೆ ಮದ್ವೆಯಾದೋನು ಒಬ್ನೇಯ, ನಮ್ಮ್ ನಾಗ್ರಾಜ," ಎಂದರು ಬೋರೇಗೌಡರು. "ಬಾಡ್ಗೆ ಶೇರ್ವಾನಿ ತಂದ. ಹೆಂಡ್ತಿ ವಾರಕ್ಕೇ ತವ್ರಿಗೆ ಹೊಂಟೋದ್ಲು."

"ಅಯ್ಯೋ! ಬರಲೇ ಇಲ್ವಾ?"

"ಬಂದ್ಲು. ಅವರವ್ವನ್ನೂ ಕರ್ಕೊಂಡು ಬಂದ್ಲು. ಆಯಮ್ಮ ಇನ್ನೂ ಇಲ್ಲೇ ಅವ್ಳೆ."

ಕೆಂಪಮ್ಮ ಕೊಳಗವನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟಳು.

"ಇಂಥ ಕೋಟ್ನ ಕೊಳಗಕ್ಕೆ ಯಾಕಮ್ಮ ಕೊಟ್ಟೆ?" ಎಂದು ಕೆಂಪಮ್ಮನನ್ನು ಕೇಳಿದೆ.

"ಎಲ್ಲಾರ್ದೂ ಆಗೋಗಿತ್ತು ಕಣವ್ವ. ಉಳ್ದಿದ್ದೋನು ಇವ್ನೊಬ್ಬ, ಪುಟ್ರಾಜ. ವಯಸ್ಸು ನಲ್ವತ್ತು ದಾಟ್ತು. ಇವ್ನಿಗೆ ಈ ಜಲ್ಮದಲ್ಲಿ ಆಯ್ತದೆ ಅಂತ ನಾನೇನ್ ಕನ್ಸು ಕಂಡಿದ್ನಾ?"

ಪಕ್ಕದಲ್ಲೇ ನಿಂತಿದ್ದ ಪುಟ್ಟರಾಜು ಬೇಸರಪಟ್ಟುಕೊಳ್ಳಲಿಲ್ಲ. ಹೌದು ಎಂಬಂತೆ ತಲೆಯಾಡಿಸಿದ. ರೇಷ್ಮೆ ಹುಳು ಸಾಕುವವನು. ಅಪ್ಪ ಅಮ್ಮ ಇಲ್ಲ, ಬೋರೇಗೌಡರೇ ದೊಡ್ಡಪ್ಪ. ಹುಳದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹೇಳಿಸಿಕೊಂಡು ಹೇಳಿಸಿಕೊಂಡು ಕಿವಿ ದಪ್ಪಗಾಗಿತ್ತಂತೆ. ಕೊನೆಗೆ ಕನಕಪುರದ ಕಡೆ ಕೋಡಿಹಳ್ಳಿಯಲ್ಲಿ ಅಂಗನವಾಡಿ ಟೀಚರು ಮಂಗಳ ಎಂಬಾಕೆ ಒಪ್ಪಿದ್ದಳು. ಆವತ್ತು ಸಂಜೆಯೇ ಚನ್ನಪಟ್ಟಣದ ಛತ್ರದಲ್ಲಿ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ.

"ಅಕ್ಕ," ಎಂದ ಪುಟ್ಟರಾಜು ಮೆಲ್ಲಗೆ. ಅವನು ಬಾಯಿಬಿಟ್ಟದ್ದು ಅದೇ ಮೊದಲು. "ಅವರು ಒಪ್ಪಿದ್ದೇ ದೊಡ್ದು. ಮದ್ವೆಯಾಗಿ ಚೆಂದಾಗಿರೋರು ಏನೇನ್ ಮಾಡಿದ್ರೋ ಅದ್ನೆಲ್ಲ ಮಾಡ್ಬುಡೋಣ ಅಂತ ನಂಗೆ. ಒಂದೂ ತಪ್ಪುಸ್ಬಾರ್ದು ಅಂತ. ಅದುಕ್ಕೇ ಒಸಿ ಆ ಗಿಣಿ ಗಿಣಿ ತೆಗ್ದುಕೊಡಿ."

ನಗು ಬರುವ ಮಾತು. ಆದರೆ ಅವನ ಮುಖ ನೋಡಿ ನಗಲಾಗಲಿಲ್ಲ. ತೆಗೆದರೆ ಕೋಟು ಉಳಿಯುವುದಿಲ್ಲ ಎಂದು ಹೇಳಿದೆ. ಬೋರೇಗೌಡರು ನಂಬಲಿಲ್ಲ. ಸರಿ, ನೋಡಿ ಎಂದು ಎದೆಯ ಮೇಲಿನ ಒಂದು ಗಿಣಿಯನ್ನು ಬಿಚ್ಚಿದೆ. ಗಿಣಿ ಹಾರಿಹೋದ ಜಾಗದಲ್ಲಿ ಬಳೆಯಗಲದ ಕಿಟಕಿ. ಬೋರೇಗೌಡರು ಅದರೊಳಗೆ ಕೈ ತೂರಿಸಿ ಆಚೆ ಕಡೆಯಿಂದ ಬೆರಳು ಅಲ್ಲಾಡಿಸಿ ನೋಡಿದರು. ನಿಟ್ಟುಸಿರುಬಿಟ್ಟರು.

"ಕೂರ್ಸ್ಬುಡವ್ವ. ಗಿಣಿ ವಾಪಸ್ ಕೂರ್ಸ್ಬುಡು."

"ಗುಂಡಿನಾದ್ರೂ ಬದಲಾಯಿಸ್ಲಾ?"

ಪುಟ್ಟರಾಜು ಗುಂಡಿಗಳನ್ನು ನೋಡಿದ. ಗುಂಡಿಗಳು ಅವನನ್ನು ನೋಡಿದವು. "ಇರ್ಲಿ ಬುಡಿ ಅಕ್ಕ," ಎಂದ. "ಅವೇನ್ ಮಾಡ್ದೋ ಪಾಪ."

ಗಿಣಿಯನ್ನು ಮತ್ತೆ ಕೂರಿಸಿ, ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಎಷ್ಟು ಸಾಧ್ಯವೋ ಅಷ್ಟು ಅಗಲ ಮಾಡಿದೆ. ಆದರೂ ಪುಟ್ಟರಾಜು ಅದರೊಳಗೆ ಹೊಕ್ಕಾಗ ಕೋಟು ಮುಲುಗಿತು.

"ಜಾಸ್ತಿ ಉಸಿರಾಡ್ಬೇಡ," ಎಂದೆ.

"ಮಾತಾಡ್ಬೋದಾ ಅಕ್ಕ?"

"ಒಸಿ ಒಸಿ."

ಹೀಗಾಗಿ, ಏನಾದರೂ ಆದರೆ ಇರಲಿ ಎಂದು ಸಂಜೆ ನನ್ನನ್ನೂ ಛತ್ರಕ್ಕೆ ಕರೆದರು. ನಾನು ಕೌದಿ ಹೊಲಿಯುವ ಗಟ್ಟಿ ದಾರ, ಸೂಜಿ, ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ನಮ್ಮ ಯಜಮಾನರು, "ಯಾರ ಮದುವೆ?" ಎಂದು ಕೇಳಿದರು. "ಕೋಟಿನದು," ಎಂದೆ. ಬಿ.ಪಿ. ಮಾತ್ರೆ ಹುಡುಕುತ್ತಾ ಒಳಗೆ ಹೋದರು.

ವೇದಿಕೆಯ ಮೇಲೆ ಗಂಡು ಹೆಣ್ಣಿಗೆ ಸಿಂಹಾಸನದಂಥ ಜೋಡಿ ಕುರ್ಚಿ. ಅದರ ಒರಗಿಗೆ ಜಾಲರಿ ಕೆತ್ತನೆ, ಮೇಲೆ ಕೆಂಪು ಮಖಮಲ್ಲಿನ ಹೊದಿಕೆ. ಮಂಗಳ ಮೆಟ್ಟಿಲು ಹತ್ತಿ ಬಂದಳು. ಎತ್ತರದ ಹೆಣ್ಣು, ಅಗಲವಾದ ಹಣೆ. ಪಕ್ಕದಲ್ಲಿ ನಿಂತ ಗಂಡನ್ನು ನೋಡಿದಳು. ಎದೆಯ ಮೇಲಿನ ಗಿಣಿಗಳನ್ನು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಗುಂಡಿಗಳನ್ನು ಒಂದೊಂದಾಗಿ ನೋಡಿದಳು. ಕೋಡಿಹಳ್ಳಿಯ ಕಡೆಯ ಹೆಂಗಸರಲ್ಲಿ ಗುಸುಗುಸು ಎದ್ದಿತು. ನಾನು ಮೆಲ್ಲಗೆ ಕಂಬದ ಹಿಂದೆ ಸರಿದುಕೊಂಡೆ. ಅವಳ ಸೋದರಮಾವ, ಬಿಳಿ ಮೀಸೆಯ ಗಂಭೀರ ಮನುಷ್ಯ, ಮುಂದೆ ಬಂದು ಗಟ್ಟಿಯಾಗಿಯೇ ಹೇಳಿದರು: "ಇದೇನವ್ವ ಮಂಗಳ, ನಾಟ್ಕದೋನ್ ಥರ ಬಂದವ್ನೆ? ಬ್ಯಾರೆ ಕೋಟ್ ಹಾಕ್ಕೊಂಬಾ ಅನ್ನು."

ಪುಟ್ಟರಾಜುವಿನ ಮುಖದ ಅರಿಸಿನವೇ ಬಿಳುಚಿಕೊಂಡಿತು. ಮಂಗಳ ಸ್ವಲ್ಪ ಯೋಚಿಸಿದಳು.

"ಬ್ಯಾಡ ಬುಡು ಮಾವ," ಎಂದಳು. "ಬೆಳಗ್ಗಿಂದ ಇವರು ಒಂದ್ಸಲನೂ ನಕ್ಕಿಲ್ಲ. ಅವರ ಪರವಾಗಿ ಗುಂಡಿಗಳಾದ್ರೂ ನಗ್ತಾ ಅವೆ."

ಮುಂದಿನ ಸಾಲಿನವರು ಗೊಳ್ಳೆಂದರು. ಪುಟ್ಟರಾಜುವಿಗೂ ತಡೆಯಲಾಗದೆ ನಗು ಬಂತು. ನಕ್ಕದ್ದೇ ತಪ್ಪಾಯಿತು. ಉಸಿರಾಡಬೇಡ ಎಂದು ನಾನು ಹೇಳಿದ್ದು ಸುಮ್ಮನೆ ಅಲ್ಲ. ಆ ನಗುವಿನಲ್ಲೇ ಸೋದರಮಾವನ ಕಾಲಿಗೆ ಬಗ್ಗಿದ. ಕೋಟು ಬೆನ್ನಿನುದ್ದಕ್ಕೂ ಪರ್ರ್ ಎಂದಿತು. ವಾಲಗದ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಟೈಲರಿನ ಕಿವಿ ನೋಡಿ.

ಬೋರೇಗೌಡರು ಕಣ್ಣುಸನ್ನೆ ಮಾಡಿದರು. ಹೂವಿನ ಅಲಂಕಾರದ ಸಂದಿಯಲ್ಲಿ ನುಸುಳಿ ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಗಂಡನ್ನು ಕೂರಿಸಿ ಎಂದು ಪಿಸುಗುಟ್ಟಿದೆ. ಕೂತ. ಜಾಲರಿಯ ಕಿಂಡಿಯಿಂದ ಸೂಜಿ ತೂರಿಸಿ, ಅರೆಗತ್ತಲಲ್ಲಿ ಅಂದಾಜಿನ ಮೇಲೆ ಬೆನ್ನು ಹೊಲಿಯತೊಡಗಿದೆ. ಕತ್ತರಿ ಜಾರಿ ವೇದಿಕೆಯ ಹಲಗೆಗಳ ಸಂದಿಗೆ ಬಿತ್ತು. ಹಲ್ಲಿನಲ್ಲಿ ಕಡಿದರಾಯಿತು ಎಂದುಕೊಂಡೆ. ನಡುನಡುವೆ ಪುಟ್ಟರಾಜು "ಆ!" ಎನ್ನುತ್ತಿದ್ದ. ಉಡುಗೊರೆ ಕೊಡಲು ಬಂದವರು ತಮ್ಮ ಉಡುಗೊರೆ ನೋಡಿಯೇ ಅವನು ಬೆರಗಾದನೆಂದು ಖುಷಿಪಡುತ್ತಿದ್ದರು.

ಅಷ್ಟರಲ್ಲಿ ಊರಿನ ಯಾರೋ ದೊಡ್ಡವರು ಬಂದರೆಂದು ಗದ್ದಲವಾಯಿತು. ಪುಟ್ಟರಾಜು ದಡಕ್ಕನೆ ಎದ್ದು ಕೈಮುಗಿದ. ಅವನ ಜೊತೆಗೆ ಸಿಂಹಾಸನದ ಕೆಂಪು ಮಖಮಲ್ಲೂ ಎದ್ದಿತು. ನಾನು ಕೋಟಿನ ಜೊತೆಗೆ ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ದಾರದ ಇನ್ನೊಂದು ತುದಿ ಸೂಜಿಯಲ್ಲಿ, ಸೂಜಿ ನನ್ನ ಕೈಯಲ್ಲಿ. ಟೈಲರಿನ ಕೈ ಸೂಜಿ ಬಿಡುವುದಿಲ್ಲ. ಕೌದಿ ದಾರ ಎಂದೆನಲ್ಲ, ಅದು ಹಲ್ಲಿಗೆಲ್ಲ ಬಗ್ಗುವುದಿಲ್ಲ. ಅವನು ಎರಡು ಹೆಜ್ಜೆ ಮುಂದೆ ಹೋದ. ಅಲಂಕಾರದ ಚೆಂಡುಹೂವುಗಳನ್ನು ಕೊರಳಿಗೆ ಸುತ್ತಿಕೊಂಡು ನಾನೂ ಈಚೆ ಬಂದೆ.

ವಾಲಗ ನಿಂತಿತು. ಇಡೀ ಛತ್ರ ನನ್ನನ್ನು ನೋಡಿತು.

"ಇವರ್ಯಾರು?" ಎಂದರು ಬಿಳಿ ಮೀಸೆಯವರು.

ಪುಟ್ಟರಾಜು ತಿರುಗಿ ನನ್ನನ್ನು ನೋಡಿದ. "ನಮ್ಮಕ್ಕ!" ಎಂದ.

"ಅಕ್ಕತಂಗಿ ಯಾರೂ ಇಲ್ಲ ಅಂದಿದ್ರಲ್ಲಪ್ಪ?"

ಎಲ್ಲರೂ ಬೋರೇಗೌಡರ ಕಡೆ ತಿರುಗಿದರು. ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಇವರು ಪ್ಯಾಟೆ ಅಕ್ಕ."

ಮಂಗಳ ನನ್ನ ಕೈಯ ಸೂಜಿ ನೋಡಿದಳು, ದಾರ ನೋಡಿದಳು, ದಾರದ ಜಾಡು ಹಿಡಿದು ಗಂಡಿನ ಬೆನ್ನಿಗೆ ಹೋಗಿ ಅಲ್ಲಿ ನೇತಾಡುತ್ತಿದ್ದ ಮಖಮಲ್ಲು ನೋಡಿದಳು. ಎಲ್ಲವೂ ಅರ್ಥವಾದಂತೆ ಅವಳ ಮುಖ ಅರಳಿತು. ಆಮೇಲೆ ನಕ್ಕಳು ನೋಡಿ! ಮುಡಿದ ಹೂ ಜಾರುವ ಹಾಗೆ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ಹಾಗೆ. ನಗುತ್ತಲೇ ಬಗ್ಗಿ ಮಖಮಲ್ಲಿನ ತುದಿಯನ್ನು ತನ್ನ ಎಡಗೈಗೆ ಸುತ್ತಿಕೊಂಡು, ಬಲಗೈಯಲ್ಲಿ ನನ್ನ ಕೈ ಹಿಡಿದಳು.

"ಬನ್ನಿ ಅತ್ತಿಗೆ," ಎಂದಳು. "ದಾರ ಕಿತ್ತೋಗೋ ಹಂಗೆ ಕಾಣಲ್ಲ. ಮೊದ್ಲು ಊಟ ಮಾಡಾನ."

ಹಾಗೆ ನಾವು ಊಟದ ಮನೆಗೆ ಹೊರಟೆವು. ಮುಂದೆ ಗಿಣಿಗಳ ಗಂಡು, ಪಕ್ಕದಲ್ಲಿ ನಗುತ್ತಾ ಹೆಣ್ಣು, ಒಂದು ಮೊಳ ಹಿಂದೆ ಸೂಜಿ ಹಿಡಿದ ನಾನು. ಫೋಟೋದವನು ಹಿಂದಕ್ಕೆ ನಡೆಯುತ್ತಾ, "ಅಕ್ಕ, ನೀವೂ ಒಸಿ ನಗಿ," ಎಂದ. ಗಂಡು ಹೆಣ್ಣಿನ ಸಾಲಿನಲ್ಲೇ ನನಗೂ ಎಲೆ ಹಾಕಿದರು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಹೋಳಿಗೆ. ಅಡುಗೆಯವನು ತರಕಾರಿ ಚಾಕು ತಂದು ದಾರ ಕತ್ತರಿಸುವ ಹೊತ್ತಿಗೆ ನಾನು ಎರಡನೇ ಹೋಳಿಗೆಯಲ್ಲಿದ್ದೆ. ಅವರ ಮದುವೆ ಆಲ್ಬಮ್ಮಿನಲ್ಲಿ ಅಲ್ಲಿಂದ ಮುಂದೆ ಆ ರಾತ್ರಿಯ ಫೋಟೋಗಳಲ್ಲೆಲ್ಲ ಗಂಡು ಹೆಣ್ಣಿನ ನಡುವೆ ಕೊರಳಿಗೆ ಚೆಂಡುಹೂ ಸುತ್ತಿಕೊಂಡ ಹೆಂಗಸೊಬ್ಬಳಿದ್ದಾಳೆ.

ಸುಳ್ಳು ಹೇಳಿ ಪಾರಾದೆವು ಎಂದುಕೊಂಡಿದ್ದೆವು. ಕೋಡಿಹಳ್ಳಿಯವರು ಬಿಡಬೇಕಲ್ಲ. ಮಾರನೆಯ ಬೆಳಿಗ್ಗೆ ಧಾರೆಯ ಹೊತ್ತಿಗೆ ಗಂಡಿನ ಅಕ್ಕನೆಲ್ಲಿ ಎಂದು ಆಟೋ ಕಳಿಸಿದರು. ಕಳಶ ಹಿಡಿಸಿದರು. ಅಕ್ಕನಿಗೆಂದು ಸೀರೆ ಕೊಟ್ಟರು. ಬೀಗರೂಟದ ದಿನ ಬಿಳಿ ಮೀಸೆಯವರು ತಾವೇ ನಿಂತು, "ಗಂಡಿನ ಅಕ್ಕಂಗೆ ಒಳ್ಳೇ ನಲ್ಲಿಮೂಳೆ ಹಾಕ್ರೋ," ಎಂದು ಬಡಿಸಿದರು. ಪುಟ್ಟರಾಜುವಿಗೆ ಮೊದಮೊದಲು ನಾಚಿಕೆ. ಆಮೇಲೆ ಅವನೇ ಚನ್ನಪಟ್ಟಣಕ್ಕೆ ಬಂದಾಗಲೆಲ್ಲ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, "ಅಕ್ಕ, ಹುಳ ಹಣ್ಣಾದ್ವು, ಇನ್ನು ಗೂಡು ಕಟ್ತವೆ," "ಅಕ್ಕ, ನಿಮ್ಮ ನಾದ್ನಿ ಸೊಪ್ಪಿನ ಸಾರು ಮಾಡವ್ಳೆ, ತಕ್ಕಳಿ," ಎಂದು ಹೇಳಿಹೋಗುವುದು ರೂಢಿಯಾಯಿತು. ನಾಗರಾಜನ ಅತ್ತೆಯ ದೂರುಗಳನ್ನೂ ಈಗ ನಾನೇ ಬಗೆಹರಿಸಬೇಕು. ಆಯಮ್ಮ ನನ್ನ ಹತ್ತಿರ ಗಿಣಿಯ ಸ್ವೆಟರು ಹಾಕಿಸಿಕೊಂಡಿದ್ದಾಳೆ, ಅಕ್ಕೂರು ಬಿಡುವ ಮಾತೇ ಇಲ್ಲ.

ಕಳೆದ ತಿಂಗಳು ಮಂಗಳ ತವರಿನಿಂದ ಫೋನು ಮಾಡಿದಳು. ಹೆಣ್ಣು ಮಗು. ಹೆಸರಿಡುವ ಶಾಸ್ತ್ರಕ್ಕೆ ಸೋದರತ್ತೆ ಬರಬೇಕು, ಕಿವಿಯಲ್ಲಿ ಹೆಸರು ಹೇಳುವವಳು ಅವಳೇ ತಾನೆ? ನನಗೆ ಅಣ್ಣತಮ್ಮಂದಿರು ಯಾರೂ ಇಲ್ಲ. ಇರುವವರೆಲ್ಲ ಅಕ್ಕತಂಗಿಯರೇ. ದೊಡ್ಡಮ್ಮ ಆಗಿದ್ದೇನೆ, ಚಿಕ್ಕಮ್ಮ ಆಗಿದ್ದೇನೆ. ಸೋದರತ್ತೆಯಾಗುವ ಭಾಗ್ಯ ಮಾತ್ರ ನನಗಿಲ್ಲ ಎಂದೇ ಲೆಕ್ಕ ಹಾಕಿಕೊಂಡಿದ್ದವಳು. ಕನಕಪುರಕ್ಕೆ ಹೋಗಿ ಕೋಡಿಹಳ್ಳಿಯ ಬಸ್ಸು ಹಿಡಿದೆ. ನಮ್ಮ ಯಜಮಾನರೂ ಬಂದರು. ಯಾವ ತಮ್ಮ, ಯಾವ ಮಗು ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಹೊಸ ಪಂಚೆ ಉಟ್ಟು ಬಂದರು.

ತೊಟ್ಟಿಲಿಗೆ ಹೂ ಸುತ್ತಿದ್ದರು. ಹೆಂಗಸರು ಸುತ್ತ ನಿಂತರು. ಕೆಂಪಮ್ಮ ನನ್ನ ಬೆನ್ನಿಗೆ ತಿವಿದು, "ಬಗ್ಗವ್ವ, ಮೂರ್ ಕಿತ ಹೇಳು, ಗಟ್ಟಿಗೆ ಹೇಳ್ಬ್ಯಾಡ," ಎಂದಳು. ಬಗ್ಗಿದೆ. ಮಗು ಪುಟ್ಟರಾಜುವಿನ ಹಾಗೇ ದುಂಡಗಿತ್ತು. ಕಿವಿಗೆ ಬಾಯಿಟ್ಟು ಹೆಸರು ಹೇಳಿದೆ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಾಗ ಅದು ಕೈ ಚಾಚಿ ನನ್ನ ಸರವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿತು.

"ಬುಡ್ಸ್ಕಳವ್ವ, ಸಕ್ರೆ ಹಂಚ್ಬೇಕು," ಎಂದರು ಯಾರೋ.

ಬಿಡಿಸಿಕೊಳ್ಳಲು ನೋಡಿದೆ. ಬಹಳ ಕಷ್ಟಪಟ್ಟೆ ಎಂದು ಮಾತ್ರ ಹೇಳಲಾರೆ.